ಸಾಕಿದ ಇಲಿಯ ಮೈಮೇಲೆ ಗಡ್ಡೆ ಎದ್ದಿದೆಯೇ? ಅರಿಶಿನ ಹಚ್ಚುವ ಮುನ್ನ ಇದನ್ನು ಓದಿ

ಮನೆಯಲ್ಲಿ ಸಾಕಿದ ಬಿಳಿ ಇಲಿಗೆ ಒಂದೂವರೆ, ಎರಡು ವರ್ಷ ತುಂಬಿರುತ್ತದೆ. ಒಂದು ದಿನ ಎತ್ತಿಕೊಂಡಾಗ ಕಂಕುಳ ಹತ್ತಿರ ಬಟಾಣಿ ಕಾಳಿನಷ್ಟು ಗಂಟು ಕೈಗೆ ಸಿಗುತ್ತದೆ. ಗಾಬರಿಯಾಗಿ ನಾಲ್ಕು ಜನರನ್ನು ಕೇಳಿದರೆ ನಾಲ್ಕು ಉತ್ತರ ಬರುತ್ತದೆ. "ಕ್ಯಾನ್ಸರ್ ಅದು, ಇನ್ನೇನೂ ಮಾಡಕ್ಕಾಗಲ್ಲ." "ಅರಿಶಿನ ಅರೆದು ಹಚ್ಚಿ, ಕರಗುತ್ತೆ." "ಮನೆಯಲ್ಲಿ ಮಕ್ಕಳಿದ್ದಾರೆ, ಮೊದಲು ಹೊರಗೆ ಬಿಟ್ಟು ಬನ್ನಿ." "ಎರಡು ವರ್ಷ ಬದುಕೋ ಪ್ರಾಣಿಗೆ ಡಾಕ್ಟರ್ ಯಾಕೆ?"

ಈ ನಾಲ್ಕೂ ತಪ್ಪು. ಇವುಗಳಲ್ಲಿ ಯಾವುದನ್ನು ನಂಬಿದರೂ ತೊಂದರೆ ಅನುಭವಿಸುವುದು ಇಲಿಯೇ. ಗಡ್ಡೆ ಏಕೆ ಬರುತ್ತದೆ, ಯಾವಾಗ ವೈದ್ಯರ ಬಳಿ ಹೋಗಬೇಕು, ಮನೆಯಲ್ಲಿ ಏನು ಮಾಡಬಹುದು, ಏನು ಮಾಡಲೇಬಾರದು ಎಂಬುದನ್ನು ಒಂದೊಂದಾಗಿ ನೋಡೋಣ.

ಒಂದೇ ನೋಟದಲ್ಲಿ

• ಹೆಣ್ಣು ಇಲಿಗಳ ಸ್ತನ ಗ್ರಂಥಿಯ ಗಡ್ಡೆಗಳಲ್ಲಿ ಹತ್ತಕ್ಕೆ ಎಂಟು ಒಂಬತ್ತು ಕ್ಯಾನ್ಸರ್ ಅಲ್ಲ.
• ಕ್ಯಾನ್ಸರ್ ಅಲ್ಲದಿದ್ದರೂ ಗಡ್ಡೆ ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಚಿಕ್ಕದಿದ್ದಾಗಲೇ ತೋರಿಸಬೇಕು.
• ಇಲಿಯ ಗಡ್ಡೆ ಮನುಷ್ಯರಿಗೆ ಹರಡುವುದಿಲ್ಲ.
• ಮನುಷ್ಯರ ನೋವಿನ ಮಾತ್ರೆ, ಅರಿಶಿನ ಲೇಪ, ಸೂಜಿಯಿಂದ ಚುಚ್ಚುವುದು ಯಾವುದೂ ಬೇಡ.
• "ಇನ್ನೆಷ್ಟು ದಿನ ಬದುಕುತ್ತದೆ" ಎನ್ನುವುದಕ್ಕಿಂತ "ಇವತ್ತು ಹೇಗಿದೆ" ಎಂಬ ಪ್ರಶ್ನೆ ಮುಖ್ಯ.

ಇದು ಯಾವ ಇಲಿ? ಎಷ್ಟು ವರ್ಷ ಬದುಕುತ್ತದೆ?

ಪೆಟ್ ಶಾಪ್‌ಗಳಲ್ಲಿ ಸಿಗುವ ಬಿಳಿ, ಕಪ್ಪು-ಬಿಳಿ, ಕಂದು ಬಣ್ಣದ ಇಲಿಗಳನ್ನು ಇಂಗ್ಲಿಷ್‌ನಲ್ಲಿ 'ಫ್ಯಾನ್ಸಿ ರ್ಯಾಟ್' ಎನ್ನುತ್ತಾರೆ. ನಮ್ಮ ಅಟ್ಟದಲ್ಲಿ ಓಡಾಡುವ ಇಲಿಯ ಜಾತಿಯೇ ಬೇರೆ. ಸಾಕು ಇಲಿಯ ವೈಜ್ಞಾನಿಕ ಹೆಸರು ರ್ಯಾಟಸ್ ನಾರ್ವೇಜಿಕಸ್. ಪ್ರಯೋಗಾಲಯದ ಇಲಿಗಳೂ ಇದೇ ಜಾತಿಯವು. ಇಂಗ್ಲೆಂಡಿನಲ್ಲಿ 19ನೇ ಶತಮಾನದಲ್ಲೇ ಇವುಗಳನ್ನು ಸಾಕುವ ಹವ್ಯಾಸ ಶುರುವಾಯಿತು. 1976ರಲ್ಲಿ ಅಲ್ಲಿ ಇಲಿ ಸಾಕುವವರದೇ ಒಂದು ರಾಷ್ಟ್ರೀಯ ಸಂಘ ಹುಟ್ಟಿಕೊಂಡಿತು. ಈಗ ಬೆಂಗಳೂರಿನಂಥ ನಗರಗಳಲ್ಲೂ ಸಾಕುವವರಿದ್ದಾರೆ.

ಇವುಗಳ ಆಯಸ್ಸು ಸಾಮಾನ್ಯವಾಗಿ 2ರಿಂದ 3 ವರ್ಷ. ಒಂದೂವರೆ ವರ್ಷ ದಾಟಿತೆಂದರೆ ಮುಪ್ಪಿನ ಲಕ್ಷಣಗಳು ಕಾಣಿಸಲು ಶುರು. ಓಡಾಟ ಕಡಿಮೆಯಾಗುತ್ತದೆ, ಹಿಂಗಾಲು ಸೋಲುತ್ತದೆ, ಬೆನ್ನು ಮೂಳೆ ಕೈಗೆ ಸಿಗುತ್ತದೆ, ಕೂದಲು ಒರಟಾಗುತ್ತದೆ. ಗಡ್ಡೆಗಳು ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಇದೇ ಹೊತ್ತಿಗೆ.

ಗಡ್ಡೆ ಏಕೆ ಬರುತ್ತದೆ?

ಹೆಣ್ಣು ಇಲಿಗೆ 6 ಜೊತೆ, ಅಂದರೆ 12 ಮೊಲೆತೊಟ್ಟುಗಳಿರುತ್ತವೆ. ಸ್ತನ ಗ್ರಂಥಿಯ ಅಂಗಾಂಶ ಎದೆಗೆ ಮಾತ್ರ ಸೀಮಿತವಲ್ಲ. ಅದು ಕುತ್ತಿಗೆಯಿಂದ ತೊಡೆಸಂದಿನವರೆಗೆ, ಪಕ್ಕೆ ಮತ್ತು ಭುಜದ ಹಿಂಭಾಗದವರೆಗೂ ಹರಡಿರುತ್ತದೆ. ಹಾಗಾಗಿ ಗಂಟು ಗಂಟಲ ಕೆಳಗೆ, ಕಂಕುಳಲ್ಲಿ, ಹೊಟ್ಟೆಯ ಪಕ್ಕದಲ್ಲಿ, ಬಾಲದ ಬುಡದ ಹತ್ತಿರ, ಎಲ್ಲಿ ಬೇಕಾದರೂ ಕಾಣಿಸಬಹುದು. ಗಂಡು ಇಲಿಗಳಲ್ಲೂ ಬರುತ್ತದೆ, ಆದರೆ ಕಡಿಮೆ.

ಇದರ ಹಿಂದೆ ಮುಖ್ಯವಾಗಿ ಇರುವುದು ವಯಸ್ಸು, ತಳಿ ಮತ್ತು ಹಾರ್ಮೋನು. ಈಸ್ಟ್ರೋಜೆನ್ ಮತ್ತು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನುಗಳು ಸ್ತನ ಗ್ರಂಥಿಯ ಜೀವಕೋಶಗಳನ್ನು ಬೆಳೆಯಲು ಪ್ರಚೋದಿಸುತ್ತಲೇ ಇರುತ್ತವೆ. ಸ್ಪ್ರೇಗ್-ಡಾಲಿ ಎಂಬ ತಳಿಯ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಸುಮಾರು 3 ತಿಂಗಳ ವಯಸ್ಸಿನಲ್ಲೇ ಅಂಡಾಶಯ ತೆಗೆದ ಇಲಿಗಳಲ್ಲಿ ಶೇ. 4ರಷ್ಟಕ್ಕೆ ಮಾತ್ರ ಸ್ತನ ಗಡ್ಡೆ ಬಂತು. ಅಂಡಾಶಯ ತೆಗೆಯದ ಇಲಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಬಂತು. ಹಾರ್ಮೋನಿನ ಪಾತ್ರ ಎಷ್ಟು ದೊಡ್ಡದು ಎನ್ನುವುದು ಇದರಿಂದ ತಿಳಿಯುತ್ತದೆ.

ಆಹಾರಕ್ಕೂ ಸ್ವಲ್ಪ ಪಾಲಿದೆ. ಪೋಷಕಾಂಶ ಕಡಿಮೆಯಾಗದಂತೆ ನೋಡಿಕೊಂಡು ಕ್ಯಾಲೊರಿ ಮಾತ್ರ ಕಡಿಮೆ ಮಾಡಿದರೆ ಇಲಿಗಳು ಹೆಚ್ಚು ಕಾಲ ಬದುಕುತ್ತವೆ ಎಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಮತ್ತು ಸಂಗಡಿಗರು 1935ರಲ್ಲೇ ತೋರಿಸಿದ್ದರು. ಅಂಥ ಇಲಿಗಳಲ್ಲಿ ಗಡ್ಡೆಗಳೂ ಕಡಿಮೆ ಎಂದು ನಂತರದ ಪ್ರಯೋಗಗಳು ಹೇಳಿದವು. ಎಳೆಯ ಪ್ರಾಯದಿಂದಲೇ ಬೊಜ್ಜು ಬರದಂತೆ ನೋಡಿಕೊಳ್ಳುವುದು ಒಳ್ಳೆಯದು. ಆದರೆ ಈಗಾಗಲೇ ಗಡ್ಡೆ ಎದ್ದಿರುವ ಮುದಿ ಇಲಿಯನ್ನು ಉಪವಾಸ ಕೆಡವಿದರೆ ಗಡ್ಡೆ ಕರಗುವುದಿಲ್ಲ, ಇಲಿ ಸೊರಗುತ್ತದೆ.

"ನಾನು ಕೊಟ್ಟ ಬಿಸ್ಕತ್ತಿನಿಂದಲೇ ಹೀಗಾಯಿತಾ" ಎಂದು ಕೊರಗುವವರಿದ್ದಾರೆ. ಬಹುಪಾಲು ಇದು ಆ ಪ್ರಾಣಿಯ ದೇಹದಲ್ಲೇ ಬರೆದಿರುವ ಮುಪ್ಪಿನ ಕಾಯಿಲೆ. ಸಾಕಿದವರ ತಪ್ಪಲ್ಲ.

ಎಲ್ಲ ಗಂಟೂ ಒಂದೇ ಅಲ್ಲ

ಫೈಬ್ರೊಅಡಿನೋಮ: ಹೆಣ್ಣು ಇಲಿಗಳಲ್ಲಿ ಅತಿ ಸಾಮಾನ್ಯ. ಚರ್ಮದ ಕೆಳಗೆ ಮೆತ್ತಗೆ ಅಥವಾ ರಬ್ಬರಿನಂತೆ ಕೈಗೆ ಸಿಗುತ್ತದೆ, ಒತ್ತಿದರೆ ಆಚೀಚೆ ಜಾರುತ್ತದೆ. ಸಾಮಾನ್ಯವಾಗಿ ಬೇರೆ ಅಂಗಗಳಿಗೆ ಹರಡುವುದಿಲ್ಲ. ಆದರೆ ನಿಲ್ಲದೆ ಬೆಳೆಯುತ್ತದೆ. ಇಲಿಯ ತಲೆಗಿಂತ ದೊಡ್ಡದಾಗಿ, ನಡೆಯುವಾಗ ನೆಲಕ್ಕೆ ಉಜ್ಜುವ ಮಟ್ಟಕ್ಕೂ ಹೋಗಬಹುದು.

ಕ್ಯಾನ್ಸರ್ ಗಡ್ಡೆ: ಕಡಿಮೆ ಪ್ರಮಾಣದಲ್ಲಿ ಬರುತ್ತದೆ. ಗಟ್ಟಿಯಾಗಿ, ಕೆಳಗಿನ ಮಾಂಸಕ್ಕೆ ಅಂಟಿಕೊಂಡಂತೆ ಇರಬಹುದು, ಬೇಗ ಹುಣ್ಣಾಗಬಹುದು. ಕೈಯಲ್ಲಿ ಮುಟ್ಟಿ ಮಾತ್ರ ಖಚಿತವಾಗಿ ಹೇಳಲಾಗದು, ಪರೀಕ್ಷೆ ಬೇಕು.

ಕುರು: ಕಚ್ಚಿದ ಅಥವಾ ಗೀರಿದ ಗಾಯದೊಳಗೆ ಕೀವು ತುಂಬಿ ಏಳುವುದು. ಒಂದೆರಡು ದಿನದಲ್ಲೇ ಊದುತ್ತದೆ, ಮೇಲೆ ಹಕ್ಕಳೆ ಇರುತ್ತದೆ, ಮುಟ್ಟಿದರೆ ಇಲಿ ಕಿರುಚುತ್ತದೆ. ಇದು ಗಡ್ಡೆಯೇ ಅಲ್ಲ. ಚಿಕಿತ್ಸೆ ಕೊಟ್ಟರೆ ವಾಸಿಯಾಗುತ್ತದೆ.

ಕಿವಿಯ ಬುಡದ ಗಡ್ಡೆ: ಇಲಿಯ ಕಿವಿಯ ಹತ್ತಿರ ಜಿಂಬಾಲ್ ಎಂಬ ಗ್ರಂಥಿಯಿದೆ. ಅಲ್ಲಿ ಏಳುವ ಗಡ್ಡೆ ಹೆಚ್ಚಾಗಿ ಅಪಾಯಕಾರಿ, ಬೇಗ ಹುಣ್ಣಾಗುತ್ತದೆ. ಕಿವಿಯ ಕೆಳಗೆ ಊತ ಕಂಡರೆ ಕಾಯಬೇಡಿ.

ಕಣ್ಣಿಗೆ ಕಾಣದ ಗಡ್ಡೆ: ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಬರುವಂಥದ್ದು. ಹೊರಗೆ ಗಂಟೇನೂ ಇರುವುದಿಲ್ಲ. ಆದರೆ ಇಲಿಗೆ ಮುಂಗಾಲಿನಲ್ಲಿ ತಿಂಡಿ ಹಿಡಿದು ತಿನ್ನಲಾಗುವುದಿಲ್ಲ, ಮುಂಗಾಲು ಸೆಟೆದುಕೊಳ್ಳುತ್ತದೆ, ತಲೆ ಒಂದು ಕಡೆ ವಾಲುತ್ತದೆ, ನಡಿಗೆ ತಪ್ಪುತ್ತದೆ. ಕೆಲವು ಇಲಿಗಳಲ್ಲಿ ಕ್ಯಾಬರ್ಗೊಲಿನ್ ಎಂಬ ಔಷಧಿಯಿಂದ ಕೆಲ ಕಾಲ ಆರಾಮ ಸಿಕ್ಕಿದೆ. ತಲೆ ವಾಲುವುದಕ್ಕೆ ಕಿವಿಯೊಳಗಿನ ಸೋಂಕೂ ಕಾರಣವಿರಬಹುದು, ಅದಕ್ಕೆ ಬೇರೆಯದೇ ಚಿಕಿತ್ಸೆ. ಹಾಗಾಗಿ ಊಹೆಯ ಮೇಲೆ ಔಷಧಿ ಕೊಡಬಾರದು.

ಆಪರೇಷನ್ ಮಾಡಿಸಬೇಕೇ?

"ಈ ವಯಸ್ಸಿಗೆ ಆಪರೇಷನ್ ಯಾಕೆ" ಎಂದು ಎಲ್ಲರೂ ಕೇಳುತ್ತಾರೆ. ನೋಡಬೇಕಾದ್ದು ಬರೀ ವಯಸ್ಸನ್ನಲ್ಲ, ಇಲಿಯ ಸ್ಥಿತಿಯನ್ನು. ಚೆನ್ನಾಗಿ ತಿನ್ನುತ್ತಾ, ಓಡಾಡುತ್ತಾ, ಉಸಿರಾಟ ಸರಿಯಿರುವ ಇಲಿಗೆ ಎರಡು ವರ್ಷವಾಗಿದ್ದರೂ ಶಸ್ತ್ರಚಿಕಿತ್ಸೆ ಆಗಬಹುದು. ಒಂದೂವರೆ ವರ್ಷಕ್ಕೇ ಶ್ವಾಸಕೋಶ ಹಾಳಾಗಿದ್ದರೆ ಅರಿವಳಿಕೆಯೇ ಅಪಾಯ. ಇಲಿಗಳಲ್ಲಿ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಉಸಿರಾಟದ ಕಾಯಿಲೆ ಬಹಳ ಸಾಮಾನ್ಯ. ಆದ್ದರಿಂದ ಮೊದಲು ಅದನ್ನು ಪರೀಕ್ಷಿಸಬೇಕು.

ಗಾತ್ರವಂತೂ ಬಹಳ ಮುಖ್ಯ. ದ್ರಾಕ್ಷಿಯಷ್ಟಿರುವ ಗಡ್ಡೆಯನ್ನು ತೆಗೆಯುವುದು ಸುಲಭ, ರಕ್ತಸ್ರಾವ ಕಡಿಮೆ, ಗಾಯ ಚಿಕ್ಕದು. ಅದೇ ನಿಂಬೆಹಣ್ಣಿನಷ್ಟಾದರೆ ಅದಕ್ಕೆ ರಕ್ತನಾಳಗಳು ದಪ್ಪಗೆ ಬೆಳೆದಿರುತ್ತವೆ. ಕಾಲು ಕೆ.ಜಿ., ಮುನ್ನೂರು ಗ್ರಾಂ ತೂಗುವ ಪ್ರಾಣಿಗೆ ಸ್ವಲ್ಪ ರಕ್ತ ಹೋದರೂ ಕಷ್ಟ. "ಇನ್ನೊಂದು ತಿಂಗಳು ನೋಡೋಣ" ಎಂಬ ಮಾತಿನಿಂದಲೇ ಎಷ್ಟೋ ಸಲ ಅವಕಾಶ ತಪ್ಪುವುದು.

ಒಂದು ಗಡ್ಡೆ ತೆಗೆದ ಮೇಲೆ ಬೇರೆ ಜಾಗದಲ್ಲಿ ಇನ್ನೊಂದು ಏಳಬಹುದು. ಇದನ್ನು ಮೊದಲೇ ತಿಳಿದು ನಿರ್ಧರಿಸಿ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು:

• ನೀವು ಇಲಿ, ಹ್ಯಾಮ್‌ಸ್ಟರ್, ಗಿನಿಯಿಲಿಗಳಿಗೆ ಆಪರೇಷನ್ ಮಾಡಿದ್ದೀರಾ?
• ಅರಿವಳಿಕೆ ಅನಿಲದ ಮೂಲಕ ಕೊಡುತ್ತೀರಾ? (ಚಿಕ್ಕ ಪ್ರಾಣಿಗಳಿಗೆ ಐಸೊಫ್ಲುರೇನ್ ಅನಿಲ ಹೆಚ್ಚು ಬಳಕೆಯಲ್ಲಿದೆ.)
• ಹಿಂದಿನ ರಾತ್ರಿ ಊಟ ನಿಲ್ಲಿಸಬೇಕಾ? (ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಹಾಗಾಗಿ ನಾಯಿ, ಬೆಕ್ಕಿನಂತೆ ರಾತ್ರಿಯಿಡೀ ಉಪವಾಸ ಇಡುವ ಅಗತ್ಯ ಸಾಮಾನ್ಯವಾಗಿ ಇಲ್ಲ.)
• ಆಮೇಲೆ ನೋವಿಗೆ ಏನು ಕೊಡುತ್ತೀರಿ?
• ಹೊಲಿಗೆ ಚರ್ಮದ ಒಳಗೆ ಹಾಕುತ್ತೀರಾ? (ಹೊರಗಿದ್ದರೆ ಇಲಿ ಹಲ್ಲಿನಿಂದ ಕಿತ್ತುಹಾಕುತ್ತದೆ.)

ಎಲ್ಲ ಪಶುವೈದ್ಯರೂ ಇಲಿ ನೋಡುವುದಿಲ್ಲ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ದೊಡ್ಡ ಊರುಗಳಲ್ಲಿ ಪಕ್ಷಿ, ಮೊಲ, ಆಮೆ ನೋಡುವ ವೈದ್ಯರೂ ಇರುತ್ತಾರೆ. ಫೋನ್ ಮಾಡಿ ಕೇಳಿಕೊಂಡು ಹೋಗಿ. ಇನ್ನೂ ಮುಖ್ಯವಾಗಿ, ಗಡ್ಡೆ ಬರುವ ಮೊದಲೇ ಅಂಥ ಒಬ್ಬರ ನಂಬರ್ ಹುಡುಕಿಟ್ಟುಕೊಳ್ಳಿ.

ಆಪರೇಷನ್ ಬೇಡ ಎಂದಾದರೆ?

ಇಲಿ ತೀರಾ ದುರ್ಬಲವಾಗಿದ್ದರೆ ಅಥವಾ ಖರ್ಚು ಭರಿಸಲಾಗದಿದ್ದರೆ ಆಪರೇಷನ್ ಮಾಡಿಸದಿರುವುದೂ ಒಂದು ನಿರ್ಧಾರವೇ. ಅದು ಕೈಬಿಟ್ಟಂತೆ ಅಲ್ಲ. ಆಗ ನಮ್ಮ ಕೆಲಸ ಅದರ ದಿನಗಳನ್ನು ಹಗುರ ಮಾಡುವುದು.

ಪಂಜರ: ಎತ್ತರದ, ಮಹಡಿಗಳಿರುವ ಪಂಜರದಿಂದ ತಗ್ಗಾದ, ಅಗಲವಾದ ಪಂಜರಕ್ಕೆ ಬದಲಿಸಿ. ನೀರು, ಊಟ, ಮಲಗುವ ಜಾಗ ಹತ್ತಿರ ಹತ್ತಿರ ಇರಲಿ. ತಂತಿಯ ನೆಲದ ಮೇಲೆ ಓಡಾಡಿದರೆ ಅಂಗಾಲಿನಲ್ಲಿ ಹುಣ್ಣಾಗುತ್ತದೆ, ಗಡ್ಡೆಯೂ ಉಜ್ಜಿ ಗಾಯವಾಗುತ್ತದೆ. ಹಳೆಯ ಕಾಟನ್ ಪಂಚೆ, ಸೀರೆ ತುಂಡು ಹಾಸಬಹುದು. ಎಳೆ ಬಿಟ್ಟ ದಾರ ಕಾಲಿಗೆ ಸುತ್ತಿಕೊಳ್ಳದಂತೆ ಅಂಚು ಕತ್ತರಿಸಿ. ದೂಳಿರುವ ಮರದ ಹೊಟ್ಟು ಬೇಡ. ಬಟ್ಟೆ ಒದ್ದೆಯಾದ ದಿನವೇ ಬದಲಿಸಿ, ಮೂತ್ರದಿಂದ ಏಳುವ ಅಮೋನಿಯಾ ಶ್ವಾಸಕೋಶಕ್ಕೆ ಕೆಟ್ಟದ್ದು.

ಊಟ: ಗಟ್ಟಿ ಕಾಳು ಹಿಡಿದು ತಿನ್ನಲಾಗದಿದ್ದರೆ ಮೆತ್ತನೆಯದು ಕೊಡಿ. ಉಪ್ಪು, ಖಾರ, ಒಗ್ಗರಣೆ ಇಲ್ಲದ ಮೆತ್ತನೆಯ ಅನ್ನ-ಬೇಳೆ, ರಾಗಿ ಗಂಜಿ, ಬೇಯಿಸಿದ ಕುಂಬಳಕಾಯಿ, ಸ್ವಲ್ಪ ಬೇಯಿಸಿದ ಮೊಟ್ಟೆ, ಇಲಿಯ ಎಂದಿನ ಆಹಾರವನ್ನೇ ನೀರಲ್ಲಿ ನೆನೆಸಿದ್ದು, ಇವೆಲ್ಲ ಆಗುತ್ತದೆ. ತಟ್ಟೆ ತಗ್ಗಾಗಿರಲಿ.

ಶಾಖ: ಇಲಿಗೆ ನಮ್ಮಂತೆ ಮೈ ಬೆವರುವುದಿಲ್ಲ. ಬಾಲದ ರಕ್ತನಾಳಗಳ ಮೂಲಕ ಶಾಖ ಹೊರಹಾಕುತ್ತದೆ, ಮೈಗೆ ಜೊಲ್ಲು ಸವರಿಕೊಂಡು ತಂಪು ಮಾಡಿಕೊಳ್ಳುತ್ತದೆ. ಮುದಿ ಇಲಿಗೆ ಇದೂ ಕಷ್ಟ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಪಂಜರವನ್ನು ಮನೆಯ ತಂಪಾದ ಕೋಣೆಗೆ ತನ್ನಿ. ಬಟ್ಟೆಯಲ್ಲಿ ಸುತ್ತಿದ ತಣ್ಣೀರಿನ ಬಾಟಲಿ ಒಂದು ಮೂಲೆಯಲ್ಲಿಡಿ. ಮಳೆ, ಚಳಿಯಲ್ಲಿ ಉಲ್ಟಾ: ಬೆಚ್ಚನೆಯ ಗೂಡು ಬೇಕು.

ಗಾಯ: ಗಡ್ಡೆಯ ಮೇಲಿನ ಚರ್ಮವನ್ನು ದಿನಾ ನೋಡಿ. ಕೆಂಪಾದರೆ, ಕೂದಲು ಉದುರಿದರೆ, ಒಡೆದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ನಮ್ಮ ಹವೆಯಲ್ಲಿ ತೆರೆದ ಗಾಯಕ್ಕೆ ನೊಣ ಕೂತು ಹುಳುವಾಗುವುದು ಬೇಗ.

ತೂಕ: ವಾರಕ್ಕೊಮ್ಮೆ ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಇಲ್ಲಿ ಒಂದು ಮೋಸವಿದೆ. ಗಡ್ಡೆಯೂ ತೂಗುತ್ತದೆ! ತೂಕ ಇಳಿದಿಲ್ಲ ಎಂದರೆ ಇಲಿ ಚೆನ್ನಾಗಿದೆ ಎಂದಲ್ಲ. ಗಡ್ಡೆ ಬೆಳೆಯುತ್ತಾ ಮೈ ಕರಗುತ್ತಿರಬಹುದು. ತೂಕದ ಜೊತೆ ಬೆನ್ನುಮೂಳೆ, ಸೊಂಟದ ಮೂಳೆ ಮುಟ್ಟಿ ನೋಡಿ.

ಜೊತೆ: ಇಲಿ ಗುಂಪಿನಲ್ಲಿ ಬದುಕುವ ಪ್ರಾಣಿ. ಕಾಯಿಲೆ ಎಂದು ಒಂಟಿಯಾಗಿ ಇಡಬೇಡಿ. ಜೊತೆಯ ಇಲಿ ಮೈ ನೆಕ್ಕಿ, ಒತ್ತಿ ಮಲಗಿ ಬೆಚ್ಚಗಿಡುತ್ತದೆ. ಆಪರೇಷನ್ ಆದ ಮೊದಲ ಒಂದೆರಡು ದಿನ, ಅಥವಾ ಜೊತೆಯದು ಗಾಯ ಕಚ್ಚುತ್ತಿದ್ದರೆ ಮಾತ್ರ ಬೇರೆ ಇಡಿ.

ಇಲಿಗೆ ನೋವಾಗುತ್ತಿದೆ ಎಂದು ತಿಳಿಯುವುದು ಹೇಗೆ?

ಬೇಟೆಗೆ ಸಿಗುವ ಪ್ರಾಣಿಗಳು ನೋವು ಮುಚ್ಚಿಡುತ್ತವೆ. ಆದರೂ ಮುಖದಲ್ಲಿ ಸುಳಿವು ಸಿಗುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಇಲಿಯ ಮುಖ ನೋಡಿ ನೋವು ಅಳೆಯುವ ಪಟ್ಟಿಯೊಂದನ್ನು ಪ್ರಕಟಿಸಿದರು. ನೋವಿದ್ದಾಗ ಕಣ್ಣು ಕಿರಿದಾಗುತ್ತದೆ, ಮೂಗು-ಕೆನ್ನೆಯ ಉಬ್ಬು ಚಪ್ಪಟೆಯಾಗುತ್ತದೆ, ಕಿವಿ ಸುರುಳಿಕೊಂಡು ಹೊರಕ್ಕೆ ತಿರುಗುತ್ತದೆ, ಮೀಸೆ ಬಿಗಿಯುತ್ತದೆ. ಇದರ ಜೊತೆ ಬೆನ್ನು ಗೂನಾಗಿಸಿ ಕೂರುವುದು, ಮೈ ಶುಚಿ ಮಾಡಿಕೊಳ್ಳದಿರುವುದು, ಇಷ್ಟದ ತಿಂಡಿಯನ್ನೂ ಮೂಸಿ ಬಿಡುವುದು ಕಂಡರೆ ನೋವಿದೆ ಎಂದೇ ತಿಳಿಯಿರಿ.

ವೈದ್ಯರು ಮೆಲೊಕ್ಸಿಕ್ಯಾಮ್‌ನಂಥ ಔಷಧಿಯನ್ನು ಇಲಿಯ ತೂಕಕ್ಕೆ ತಕ್ಕಂತೆ ಹನಿ ಲೆಕ್ಕದಲ್ಲಿ ಕೊಡುತ್ತಾರೆ. ಮನೆಯಲ್ಲಿರುವ ನಿಮ್ಮ ಮಾತ್ರೆಯನ್ನು ಚೂರು ಮಾಡಿ ಕೊಡಬೇಡಿ. 60 ಕೆ.ಜಿ. ಮನುಷ್ಯನಿಗೆ ಮಾಡಿದ ಮಾತ್ರೆಯ ಚೂರೂ 300 ಗ್ರಾಂ ಪ್ರಾಣಿಗೆ ವಿಷವಾಗಬಹುದು. ನುಂಗಿದ್ದನ್ನು ವಾಂತಿ ಮಾಡಿ ಹೊರಹಾಕಲೂ ಅದಕ್ಕೆ ಬರುವುದಿಲ್ಲ.

ಹೇಳುವುದೇನು, ನಿಜವೇನು?

ಹೇಳುವುದು: ಇಲಿಯ ಗಡ್ಡೆ ಮಕ್ಕಳಿಗೆ ಹರಡುತ್ತದೆ.
ನಿಜ: ಹರಡುವುದಿಲ್ಲ. ನಾಯಿ, ಟ್ಯಾಸ್ಮೇನಿಯನ್ ಡೆವಿಲ್‌ನಂಥ ಬೆರಳೆಣಿಕೆಯ ಪ್ರಾಣಿಗಳಲ್ಲಿ ತಮ್ಮ ತಮ್ಮೊಳಗೇ ಹರಡುವ ಗಡ್ಡೆಗಳಿವೆ. ಇಲಿಯ ಈ ಗಡ್ಡೆಗಳು ಅಂಥವಲ್ಲ. ಆದರೆ ಇಲಿಯಿಂದ ಬರಬಹುದಾದ ಬೇರೆ ಸೋಂಕುಗಳು ನಿಜ. ಮಲೆನಾಡು, ಕರಾವಳಿಯವರಿಗೆ ಇಲಿ ಜ್ವರದ ಪರಿಚಯ ಚೆನ್ನಾಗಿಯೇ ಇದೆ. 2017ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಸಾಕು ಇಲಿಗಳಿಂದ ಸೋಲ್ ವೈರಸ್ ಎಂಬ ಸೋಂಕು ಜನರಿಗೆ ತಗುಲಿತ್ತು. ಆದ್ದರಿಂದ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಹೊರಗಿನ ಇಲಿಗಳು ಪಂಜರದ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ, ಕಚ್ಚಿದ ಮೇಲೆ ಜ್ವರ ಬಂದರೆ ವೈದ್ಯರಿಗೆ ಇಲಿ ಕಚ್ಚಿದ್ದನ್ನು ಹೇಳಿ.

ಹೇಳುವುದು: ಇಲಿ ಸಾಕಿದರೆ ಪ್ಲೇಗ್ ಬರುತ್ತದೆ.
ನಿಜ: 1898ರ ಪ್ಲೇಗಿನ ನೆನಪು ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳ ರೂಪದಲ್ಲಿ ಇನ್ನೂ ಉಳಿದಿದೆ. ಪ್ಲೇಗ್ ಹರಡುವುದು ಸೋಂಕು ತಗುಲಿದ ಇಲಿಯ ಮೈಮೇಲಿನ ಚಿಗಟದಿಂದ. ಮನೆಯೊಳಗೆ ಚಿಗಟವಿಲ್ಲದೆ ಬೆಳೆದ ಇಲಿಗೆ ತನ್ನಿಂದ ತಾನೇ ಪ್ಲೇಗ್ ಹುಟ್ಟುವುದಿಲ್ಲ.

ಹೇಳುವುದು: ಅರಿಶಿನ ಅಥವಾ ಬೇವು ಅರೆದು ಹಚ್ಚಿದರೆ ಗಡ್ಡೆ ಕರಗುತ್ತದೆ.
ನಿಜ: ಗಡ್ಡೆ ಇರುವುದು ಚರ್ಮದ ಕೆಳಗೆ. ಮೇಲೆ ಹಚ್ಚಿದ ಲೇಪ ಅದನ್ನು ಕರಗಿಸುವುದಿಲ್ಲ. ಹಚ್ಚಿದ್ದನ್ನು ಇಲಿ ಪೂರ್ತಿ ನೆಕ್ಕುತ್ತದೆ, ಆ ಜಾಗವನ್ನೇ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತದೆ. ಅಷ್ಟರಲ್ಲಿ ಗಡ್ಡೆ ದೊಡ್ಡದಾಗಿರುತ್ತದೆ.

ಹೇಳುವುದು: ಸೂಜಿಯಿಂದ ಚುಚ್ಚಿ ಹಿಂಡಿದರೆ ಸರಿಹೋಗುತ್ತದೆ.
ನಿಜ: ಗಡ್ಡೆ ಗಟ್ಟಿ ಮಾಂಸ, ಒಳಗೆ ಹಿಂಡಲು ಏನೂ ಇಲ್ಲ. ಚುಚ್ಚಿದರೆ ರಕ್ತಸ್ರಾವ, ಸೋಂಕು. ಕುರುವಾಗಿದ್ದರೂ ಅದನ್ನು ವೈದ್ಯರೇ ಶುಚಿ ಮಾಡಬೇಕು.

ಹೇಳುವುದು: ಕಣ್ಣು, ಮೂಗಿನಿಂದ ರಕ್ತ ಬರುತ್ತಿದೆ, ಕ್ಯಾನ್ಸರ್ ತಲೆಗೇರಿದೆ.
ನಿಜ: ಹೆಚ್ಚಿನ ಸಲ ಅದು ರಕ್ತವಲ್ಲ. ಇಲಿಯ ಕಣ್ಣಿನ ಹಿಂದಿನ ಹಾರ್ಡೇರಿಯನ್ ಗ್ರಂಥಿ ಪಾರ್ಫಿರಿನ್ ಎಂಬ ಕೆಂಪು ಬಣ್ಣದ ವಸ್ತುವನ್ನು ಸ್ರವಿಸುತ್ತದೆ. ಆಯಾಸ, ನೋವು, ಉಸಿರಾಟದ ಸೋಂಕು ಇದ್ದಾಗ ಅದು ಜಾಸ್ತಿಯಾಗುತ್ತದೆ. ಗಾಬರಿ ಬೇಡ, ಆದರೆ ದಿನಾ ಕಾಣಿಸಿದರೆ ವೈದ್ಯರಿಗೆ ಹೇಳಿ.

ಹೇಳುವುದು: ಕುಲಾಂತರಿ ಮೆಕ್ಕೆಜೋಳ ತಿಂದ ಇಲಿಗಳಿಗೆ ದೊಡ್ಡ ದೊಡ್ಡ ಗಡ್ಡೆ ಬಂದಿದೆ, ಫೋಟೋ ನೋಡಿ!
ನಿಜ: ಈ ಫೋಟೋಗಳು 2012ರಲ್ಲಿ ಫ್ರಾನ್ಸಿನ ವಿಜ್ಞಾನಿ ಸೆರಾಲಿನಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದವು. ಅಲ್ಲಿ ಬಳಸಿದ್ದು ಸ್ಪ್ರೇಗ್-ಡಾಲಿ ಇಲಿಗಳನ್ನು, ಎರಡು ವರ್ಷ ಕಾಲ. ಏನೇ ತಿಂದರೂ ಆ ವಯಸ್ಸಿಗೆ ಗಡ್ಡೆ ಬರುವುದು ಸಾಮಾನ್ಯವಾಗಿರುವ ತಳಿ ಅದು. ಒಂದೊಂದು ಗುಂಪಿನಲ್ಲಿ ಇದ್ದದ್ದು 10 ಇಲಿ ಮಾತ್ರ. ಕುಲಾಂತರಿ ಜೋಳ ತಿನ್ನದ ಗುಂಪಿನ ಇಲಿಯ ಫೋಟೋವನ್ನು ಜೊತೆಗೆ ತೋರಿಸಿರಲಿಲ್ಲ. ಪತ್ರಿಕೆ 2013ರ ನವೆಂಬರ್‌ನಲ್ಲಿ ಆ ಲೇಖನವನ್ನು ಹಿಂತೆಗೆದುಕೊಂಡಿತು. 2014ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಅದು ಮತ್ತೆ ಪ್ರಕಟವಾಯಿತು, ಆದರೆ ಪ್ರಯೋಗದ ಈ ಕೊರತೆಗಳು ಹಾಗೇ ಉಳಿದವು. ಕುಲಾಂತರಿ ಬೆಳೆಗಳ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಈ ಫೋಟೋ ಅದಕ್ಕೆ ಸಾಕ್ಷಿಯಾಗದು.

ಕೊನೆಯ ನಿರ್ಧಾರ

ಒಂದು ದಿನ ಆರೈಕೆಯೂ ಸಾಲದಾಗುತ್ತದೆ. ಅದನ್ನು ಗುರುತಿಸಲು ಕ್ಯಾಲೆಂಡರಿನಲ್ಲಿ ದಿನಾ ಒಂದು ಗುರುತು ಹಾಕಿ. ತಿಂದಿತೇ? ತಾನೇ ನಡೆದು ನೀರಿನ ಹತ್ತಿರ ಹೋಯಿತೇ? ಮೈ ಶುಚಿ ಮಾಡಿಕೊಂಡಿತೇ? ಕರೆದರೆ ಹತ್ತಿರ ಬಂತೇ? ಉಸಿರಾಟ ಸಲೀಸಾಗಿತ್ತೇ? ಹೌದು ಎನ್ನುವ ದಿನಗಳಿಗಿಂತ ಇಲ್ಲ ಎನ್ನುವ ದಿನಗಳು ಹೆಚ್ಚಾದರೆ ವೈದ್ಯರೊಂದಿಗೆ ದಯಾಮರಣದ ಬಗ್ಗೆ ಮಾತಾಡುವ ಹೊತ್ತು ಬಂದಿದೆ ಎಂದರ್ಥ. ಉಸಿರಿಗೆ ಒದ್ದಾಡುತ್ತಿದ್ದರೆ ದಿನ ಎಣಿಸುತ್ತಾ ಕೂರಬೇಡಿ.

ವೈದ್ಯರು ಸಾಮಾನ್ಯವಾಗಿ ಮೊದಲು ಅರಿವಳಿಕೆ ಅನಿಲ ಕೊಟ್ಟು ಪ್ರಜ್ಞೆ ತಪ್ಪಿಸಿ, ಆಮೇಲೆ ಇಂಜೆಕ್ಷನ್ ಕೊಡುತ್ತಾರೆ. ಇಲಿಗೆ ಗೊತ್ತಾಗುವುದಿಲ್ಲ. ನೀರಲ್ಲಿ ಮುಳುಗಿಸುವುದು, ಫ್ರಿಡ್ಜಿನಲ್ಲಿಡುವುದು, ಪಾಷಾಣ ಹಾಕುವುದು ಎಲ್ಲವೂ ಕ್ರೌರ್ಯ. ಹೊರಗೆ ಬಿಟ್ಟು ಬರುವುದೂ ದಯೆಯಲ್ಲ. ಪಂಜರದಲ್ಲಿ ಬೆಳೆದ ಮುದಿ ಇಲಿ ಬೀದಿಯಲ್ಲಿ ಕಾಗೆ, ಬೆಕ್ಕಿಗೆ ಸಿಕ್ಕು ಸಾಯುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿ ಸಾಕಿದವರ ಮೇಲೆ ಅದನ್ನು ಅನಗತ್ಯ ನೋವಿನಿಂದ ಕಾಪಾಡುವ ಹೊಣೆಯಿದೆ. ಅದು ಇಲಿಗೂ ಅನ್ವಯಿಸುತ್ತದೆ.

ಹೋದ ಮೇಲೆ ಉಳಿದ ಜೊತೆಯ ಇಲಿಯನ್ನು ಮರೆಯಬೇಡಿ. ಕೆಲವು ದಿನ ಅದು ಮಂಕಾಗಬಹುದು, ಊಟ ಬಿಡಬಹುದು. ಅದರೊಂದಿಗೆ ಹೆಚ್ಚು ಹೊತ್ತು ಕಳೆಯಿರಿ.

ಮನೆಯಲ್ಲಿ ಯಾರಾದರೂ ಇಲಿ ಸಾಕಿದ್ದರೆ ಅವರಿಗೆ ಇದನ್ನು ಕಳುಹಿಸಿ. ಪೂರ್ತಿ ಓದಲು ಅವರಿಗೆ ಸಮಯವಿಲ್ಲದಿದ್ದರೆ ಇಷ್ಟು ಹೇಳಿ: ವಾರಕ್ಕೊಮ್ಮೆ ಕುತ್ತಿಗೆಯಿಂದ ತೊಡೆಸಂದಿನವರೆಗೆ ಮೈ ಮುಟ್ಟಿ ನೋಡಿ, ಗಂಟು ಸಿಕ್ಕಿದ ವಾರವೇ ವೈದ್ಯರಿಗೆ ತೋರಿಸಿ.